ಬುಷ್ಷಿನ ಸದ್ದು: ಒಂದು ಶ್ರವಣವಿದ್ಯೆಯ ಪರಿಚಯ

ಮೋಟಾರು ಗಾಡಿಗಳ ದುರಸ್ತಿಯಲ್ಲಿ ಕೈಯ ಕೆಲಸಕ್ಕಿರುವಷ್ಟೇ ಪ್ರಾಧಾನ್ಯ ಕಿವಿಯ ಕೆಲಸಕ್ಕೂ ಉಂಟು. ಆದರೆ ಸಾಮಾನಿಗೆ ಸ್ಪೇರ್ ಎಂದೂ ಕೈಕೆಲಸಕ್ಕೆ ಲೇಬರ್ ಎಂದೂ ಬಿಲ್ಲಿನಲ್ಲಿ ಎರಡು ಅಂಕಣಗಳನ್ನು ಗೊತ್ತುಮಾಡಿರುವ ಗ್ಯಾರೇಜು, ಆಲಿಸಿದ್ದಕ್ಕಾಗಿ ಮೂರನೆಯ ಅಂಕಣವೊಂದನ್ನು ಇದುವರೆಗೆ ಏರ್ಪಡಿಸಿಲ್ಲ. ಬೆಲೆಕಟ್ಟದ ವಿದ್ಯೆಯಾದುದರಿಂದಲೋ ಏನೋ, ಅದು ಗ್ರಂಥಸ್ಥವಾದುದಕ್ಕಿಂತ ಹಿರಿಯ ಮೆಕ್ಯಾನಿಕ್ಕಿನಿಂದ ಕಿರಿಯನಿಗೆ, ಒಂದೇ ಗಾಡಿಯಲ್ಲಿ ಕುಳಿತು ಒಂದೇ ಸದ್ದನ್ನು ಕೇಳುವ ಮೂಲಕ, ಹರಿದು ಬಂದಿರುವುದೇ ಹೆಚ್ಚು. ಈ ವಿದ್ಯೆಯ ಕಷ್ಟವೂ ಸೊಗಸೂ ಸ್ಫುಟವಾಗಿ ಗೋಚರಿಸುವುದು ಕಾರಿನ ಹಿಂಬದಿಯಿಂದ ಹೊರಡುವ ಸದ್ದಿನ ಮೂಲವನ್ನು ಅರಸುವಾಗ. ಅದರಲ್ಲಿಯೂ, ಹಿಂದಿನ ಸಸ್ಪೆನ್ಷನ್ನಿನ ಬುಷ್ಷುಗಳು ಸವೆದು, ತಾವು ಮೌನವಾಗಿಡಬೇಕಾಗಿದ್ದ ಕೀಲುಗಳಿಗೆ ತಾವೇ ದನಿಕೊಡತೊಡಗಿದಾಗ.

ಬುಷ್ಷು ನೋಟಕ್ಕೆ ಬಹು ಸಾಮಾನ್ಯವಾದ ವಸ್ತು. ಒಂದರೊಳಗೊಂದು ಕೂರುವ ಎರಡು ಉಕ್ಕಿನ ಕೊಳವೆಗಳು, ಅವುಗಳ ನಡುವಣ ತೆರಪನ್ನು ತುಂಬಿ ಎರಡಕ್ಕೂ ಬೆಸೆದುಕೊಂಡಿರುವ ರಬ್ಬರು: ಇಷ್ಟೇ ಅದರ ಶರೀರ. ಒಳಕೊಳವೆಯ ಮೂಲಕ ಹಾಯುವ ಬೋಲ್ಟು ಅದನ್ನು ಗಾಡಿಯ ಒಡಲಿಗೆ ಬಿಗಿಯುತ್ತದೆ. ಹೊರಕೊಳವೆ, ಚಕ್ರವನ್ನು ಹಿಡಿದಿರುವ ತೋಳಿನ ಕಣ್ಣಿನಲ್ಲಿ ಭದ್ರವಾಗಿ ಕುಳಿತಿರುತ್ತದೆ. ಚಕ್ರ ಏರಿಳಿದಾಗ ತೋಳು ಹೊರಳುತ್ತದೆಯಷ್ಟೆ. ಆಗ ಲೋಹವು ಲೋಹದ ಮೇಲೆ ಜಾರದೆ, ನಡುವಿನ ರಬ್ಬರು ತಾನೇ ತಿರುಚಿಕೊಂಡು ಮರಳಿ ಸ್ವಸ್ಥಾನಕ್ಕೆ ಬರುತ್ತದೆ. ಜಾರುವಿಕೆಯಿಲ್ಲದ ಮೇಲೆ ಉಜ್ಜಾಟವಿಲ್ಲ. ಉಜ್ಜಾಟವಿಲ್ಲದ ಮೇಲೆ ಎಣ್ಣೆ ಗ್ರೀಸುಗಳ ಉಪಚಾರವೂ ಬೇಕಿಲ್ಲ. ಇದಕ್ಕೆ ಹಿಂದಿನ ಕಾಲದಲ್ಲಿ ಕೀಲುಗಳಿಗೆ ಲೋಹದ ಬುಷ್ಷುಗಳೇ ಇದ್ದು, ನಿಯತವಾಗಿ ಅವುಗಳಿಗೆ ಗ್ರೀಸು ತುಂಬಿಸುವುದು ಗಾಡಿ ಇಟ್ಟವರ ನಿತ್ಯಕರ್ಮಗಳಲ್ಲಿ ಒಂದಾಗಿತ್ತು.

ಗಂಧಕವನ್ನು ಬೆರೆಸಿ ಕಾಯಿಸಿದ ರಬ್ಬರು ಬಿಸಿಲಿಗೆ ಅಂಟಾಗದೆ ಚಳಿಗೆ ಸಿಡಿಯದೆ ಉಳಿಯುವುದೆಂಬ ಸಂಗತಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರನಿಗೆ 1839ರಲ್ಲಿ ಗೋಚರವಾಯಿತು. ಆದರೂ ಕಾರಿನ ಕಂಪನವನ್ನು ರಬ್ಬರಿನಿಂದ ತಡೆಯುವುದನ್ನೇ ಒಂದು ಹಿರಿಮೆಯೆಂದು ಸಾರಿ ಮಾರಿದ ಗಾಡಿಯನ್ನು ಕಾಣಲು ಸುಮಾರು ತೊಂಬತ್ತು ವರ್ಷಗಳು ಬೇಕಾದವು. 1931ರಲ್ಲಿ ಕ್ರೈಸ್ಲರ್ ಸಂಸ್ಥೆ ತನ್ನ ಪ್ಲಿಮತ್ ಕಾರಿನ ಎಂಜಿನ್ನನ್ನು ರಬ್ಬರಿನ ಆಸನಗಳ ಮೇಲೆ ಕೂರಿಸಿ, ಆ ಏರ್ಪಾಟಿಗೆ ‘ಫ್ಲೋಟಿಂಗ್ ಪವರ್’ ಎಂಬ ಹೆಸರಿಟ್ಟಿತು. ಸಸ್ಪೆನ್ಷನ್ನಿನ ಕೀಲುಗಳಲ್ಲಿಯೂ ರಬ್ಬರು ಕ್ರಮೇಣ ನೆಲೆಯೂರಿತು. ಎಷ್ಟು ಬಾರಿ ತಿರುಚಿದರೂ ಬೇಗನೆ ಹರಿಯದ ತಾಳ್ಮೆ ಪ್ರಕೃತಿದತ್ತವಾದ ರಬ್ಬರಿಗೆ ಹೆಚ್ಚಾಗಿರುವುದರಿಂದ, ಕೃತಕ ರಬ್ಬರುಗಳು ಹಲವು ಬಂದಿದ್ದರೂ ಈ ಕೆಲಸಕ್ಕೆ ಮರದ ಹಾಲಿನ ರಬ್ಬರನ್ನೇ ಹೆಚ್ಚಾಗಿ ಆರಿಸುತ್ತಾರೆ. ಭಾರತಕ್ಕೂ ಸಿಂಹಳಕ್ಕೂ (ಇಂದಿನ ಶ್ರೀಲಂಕಾ) ಆದ 1964ರ ಒಪ್ಪಂದದ ಅನಂತರ ಅಲ್ಲಿಂದ ಮರಳಿದ ತಮಿಳು ಕುಟುಂಬಗಳಿಗೆ ಜೀವನೋಪಾಯವಾದ ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳು, ಈ ಹಾಲು ನಮ್ಮ ನಾಡಿನಲ್ಲಿಯೂ ಒಸರುವ ಎಡೆಗಳಾಗಿವೆ.

ಹಿಂಬದಿಯ ರಚನೆ ಎಲ್ಲ ಗಾಡಿಗಳಲ್ಲಿಯೂ ಒಂದೇ ತೆರನಲ್ಲವಾಗಿ, ಆಲಿಸುವವನಿಗೆ ಮೊದಲು ಬೇಕಾದುದು ಯಾವ ಗಾಡಿಯಲ್ಲಿ ಬುಷ್ಷು ಎಲ್ಲೆಲ್ಲಿದೆಯೆಂಬ ತಿಳಿವಳಿಕೆ. 2014ರವರೆಗೆ ಬಂಗಾಳದ ಉತ್ತರಪಾಡದಲ್ಲಿ ತಯಾರಾದ ಅಂಬಾಸಡರ್ ಕಾರಿನಲ್ಲಿಯೂ, ಮಾರುತಿ ಓಮ್ನಿಯಲ್ಲಿಯೂ, ಬೊಲೆರೊದಲ್ಲಿಯೂ ಹಿಂದಿನ ಭಾರವನ್ನು ಹೊರುವುದು ಕಮಾನು ಪಟ್ಟಿಗಳು. ಅವುಗಳ ಮುಂದಿನ ಕಣ್ಣಿನಲ್ಲಿ ಒಂದು ಬುಷ್ಷೂ, ಪಟ್ಟಿ ಚಪ್ಪಟೆಯಾದಾಗ ಉದ್ದ ಹೆಚ್ಚಲು ಎಡೆಕೊಡುವ ಹಿಂದಿನ ಶಕಲಿನಲ್ಲಿ ಮತ್ತೆ ಕೆಲವೂ ಇರುತ್ತವೆ. ಸುರುಳಿ ಸ್ಪ್ರಿಂಗಿನ ಮೇಲೆ ನಿಂತ ಅಖಂಡ ಆಕ್ಸಲ್ಲಿಗೆ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ತೋಳುಗಳೂ, ಎಡಬಲಕ್ಕೆ ವಾಲದಂತೆ ತಡೆಯುವ ಅಡ್ಡ ರಾಡೂ ಇದ್ದು, ಅವುಗಳ ತುದಿ ತುದಿಯಲ್ಲಿಯೂ ಬುಷ್ಷುಗಳಿವೆ. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನಿಂದ ಪ್ರಚುರವಾಗಿ, ಇಂದು ಸ್ವಿಫ್ಟ್, ಐ20 ಮೊದಲಾದ ಸಣ್ಣ ಕಾರುಗಳಲ್ಲೆಲ್ಲ ಕಾಣಬರುವ ತಿರುಚುವ ತೊಲೆಯ ರಚನೆಯಲ್ಲಾದರೋ, ಆ ತೊಲೆಯನ್ನು ಒಡಲಿಗೆ ಸೇರಿಸುವ ದೊಡ್ಡ ಬುಷ್ಷುಗಳು ಎರಡೇ; ಬ್ರೇಕಿನ ಎಳೆತ, ತಿರುವಿನ ಒತ್ತಡ, ಗುಂಡಿಯ ಹೊಡೆತ ಸಮಸ್ತವನ್ನೂ ಆ ಎರಡೇ ಸಹಿಸಬೇಕು. ಇದಕ್ಕೆ ವಿರುದ್ಧವಾಗಿ, 1982ರಲ್ಲಿ ಬಂದ ಮರ್ಸಿಡಿಸ್ 190 ಹಿಂದಿನ ಒಂದೊಂದು ಚಕ್ರಕ್ಕೂ ಐದೈದು ಕಡ್ಡಿಗಳನ್ನು ಜೋಡಿಸಿತು. ಸವಾರಿಯ ಸುಖ ಹೆಚ್ಚಿದಂತೆ ಶಂಕಿತರ ಸಂಖ್ಯೆಯೂ ಹೆಚ್ಚಿತೆನ್ನಬೇಕು.

ರಬ್ಬರು ಒಮ್ಮೆಗೇ ಸಾಯುವುದಿಲ್ಲ. ಗಾಳಿಯಲ್ಲಿರುವ ಓಜೋನಿನಿಂದ ಮೇಲ್ಮೈಯಲ್ಲಿ ಸೂಕ್ಷ್ಮವಾದ ಸೀಳುಗಳು ಮೂಡುತ್ತವೆ. ತಾಪದಿಂದ ಅದು ಗಡುಸಾಗುತ್ತದೆ. ಎಣ್ಣೆ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ. ಮಳೆಗಾಲಕ್ಕೆ ಮುನ್ನ ಗಾಡಿಯ ಅಡಿಭಾಗಕ್ಕೆಲ್ಲ ಆಯಿಲ್ ಸ್ಪ್ರೇ ಹೊಡೆಸುವ ಹಳೆಯ ವಾಡಿಕೆ ತುಕ್ಕಿಗೆ ಪ್ರತಿಬಂಧಕವಾದರೂ ಬುಷ್ಷಿಗೆ ಹಿತಕಾರಿಯಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ಕೊನೆಗೆ ರಬ್ಬರಿಗೂ ಉಕ್ಕಿಗೂ ಇದ್ದ ಬೆಸುಗೆ ಕಳಚುತ್ತದೆ, ಇಲ್ಲವೆ ರಬ್ಬರೇ ಹರಿದು ಒಳಕೊಳವೆ ಮಧ್ಯಸ್ಥಾನದಿಂದ ಜಾರುತ್ತದೆ. ಕಳಚಿದ ಬುಷ್ಷು ಒಣ ರಬ್ಬರಿನ ಉಜ್ಜಾಟದಿಂದ ಕಿರ್ರೆನ್ನುತ್ತದೆ. ಹರಿದ ಬುಷ್ಷು ಕೊಳವೆಗೆ ಕೊಳವೆ ತಾಗಿ ಧಡ್ಡೆನ್ನುತ್ತದೆ. ಮೊದಲನೆಯದು ಬೆಳಗಿನ ಚಳಿಯಲ್ಲಿ ಹೆಚ್ಚಾಗಿ, ಮಳೆಯಲ್ಲಿ ನೆನೆದಾಗ ಅಡಗುವುದುಂಟು; ಎರಡನೆಯದಕ್ಕೆ ಋತುಭೇದವಿಲ್ಲ.

ಇಷ್ಟು ಲಕ್ಷಣಗಳು ತಿಳಿದವನಿಗೆ ಸದ್ದಿನ ನೆಲೆ ತಿಳಿದೇಬಿಟ್ಟಿತೆಂದು ಭಾವಿಸುವುದು ಮಾತ್ರ ಆತುರವಾದೀತು. ಈಗಿನ ಕಾರುಗಳ ಒಡಲು ಬಿಡಿ ಚಾಸಿಯ ಮೇಲೆ ಕೂತಿರದೆ, ತಗಡುಗಳನ್ನೇ ಬೆಸೆದು ಮಾಡಿದ ಒಂದೇ ಪೆಟ್ಟಿಗೆಯಾದುದರಿಂದ, ಬಲಚಕ್ರದ ಬಳಿ ಹುಟ್ಟಿದ ಸದ್ದು ಎಡಗಡೆಯ ಸೀಟಿನ ಕೆಳಗೆ ಕೇಳಿಸಿದರೆ ಆಶ್ಚರ್ಯವಿಲ್ಲ. ಮೇಲಾಗಿ, ಬುಷ್ಷಿನ ವೇಷವನ್ನು ಧರಿಸಿ ಬರುವ ಸದ್ದುಗಳು ಅನೇಕ. ಆದಕಾರಣ ಬಲ್ಲ ಮೆಕ್ಯಾನಿಕ್ಕು ಮೊದಲು ಮಾಡುವ ಕೆಲಸ ಡಿಕ್ಕಿಯನ್ನು ಬರಿದುಮಾಡುವುದು. ಸ್ಟೆಪ್ನಿಯ ತಿರುಪು ಸಡಿಲವಾಗಿರುವುದು, ಜಾಕು ತನ್ನ ಗೂಡಿನಲ್ಲಿ ಅಲುಗಾಡುವುದು, ಹಿಂದಿನ ಸೀಟಿನ ಬೆನ್ನಿನ ಕೊಂಡಿ ಸರಿಯಾಗಿ ಕೂರದಿರುವುದು, ಸೈಲೆನ್ಸರನ್ನು ತೂಗುಹಾಕಿದ ರಬ್ಬರು ಹರಿದಿರುವುದು ಮುಂತಾದ ಅಲ್ಪಕಾರಣಗಳಿಗಾಗಿ ಬುಷ್ಷುಗಳನ್ನು ಬದಲಿಸಿ, ಹಣ ತೆತ್ತ ಬಳಿಕವೂ ಅದೇ ಸದ್ದನ್ನು ಹೊತ್ತು ಮನೆಗೆ ಹಿಂದಿರುಗಿದ ಕಾರುಗಳಿಗೆ ಲೆಕ್ಕವಿಲ್ಲ.

ನಮ್ಮ ತರ್ಕಶಾಸ್ತ್ರಜ್ಞರು ಕಾರಣವನ್ನು ನಿಶ್ಚಯಿಸುವುದಕ್ಕೆ ಅನ್ವಯ, ವ್ಯತಿರೇಕಗಳೆಂಬ ಎರಡು ಒರೆಗಲ್ಲುಗಳನ್ನು ಹೇಳಿದ್ದಾರೆ: ಇದು ಇದ್ದಲ್ಲಿ ಅದೂ ಇರಬೇಕು, ಇದು ಇಲ್ಲದಲ್ಲಿ ಅದೂ ಇರಬಾರದು. ಹೊಗೆಯನ್ನೂ ಬೆಂಕಿಯನ್ನೂ ಕುರಿತು ಅವರು ಮಾಡಿದ ವಿಚಾರವನ್ನೇ, ಶಾಸ್ತ್ರದ ಹೆಸರನ್ನೆತ್ತದೆ, ಗ್ಯಾರೇಜಿನವರು ಸದ್ದಿನ ವಿಷಯದಲ್ಲಿ ಆಚರಿಸುತ್ತಾರೆ. ಬೇಕೆಂದಾಗ ಹೊರಡಿಸಿ, ಬೇಕೆಂದಾಗ ನಿಲ್ಲಿಸಬಲ್ಲೆವಾದರೆ ಮಾತ್ರ ಆ ಸದ್ದಿನ ಮೂಲ ಸಿಕ್ಕಿತೆಂದು ಅರ್ಥ. ಅಲ್ಲಿಯವರೆಗೆ ಸ್ಪ್ಯಾನರನ್ನು ಎತ್ತಲಾಗದು. ಈ ಒಂದು ನಿಯಮವೇ ಸಕಲ ಪರೀಕ್ಷೆಗಳ ಜೀವಾಳ.

ರಸ್ತೆಯ ಪರೀಕ್ಷೆಯಲ್ಲಿ ಗಾಡಿಯನ್ನು ಓಡಿಸುವವನೊಬ್ಬ, ಹಿಂದಿನ ಸೀಟಿನಲ್ಲಿ ಕುಳಿತು ಕೇಳುವವನು ಇನ್ನೊಬ್ಬ. ಮೊದಲು ಎರಡು ಚಕ್ರಗಳೂ ಏಕಕಾಲದಲ್ಲಿ ಏರುವಂತೆ ಒಂದು ಹಂಪನ್ನು ನಿಧಾನವಾಗಿ ದಾಟುತ್ತಾರೆ. ಅನಂತರ ಒಂದೇ ಚಕ್ರ ಏರುವಂತೆ ಅದರ ಅಂಚಿನಲ್ಲಿ ಹಾಯುತ್ತಾರೆ. ಒಂಟಿ ಚಕ್ರಕ್ಕೆ ಹೊರಟ ಸದ್ದು ಜೋಡಿ ಚಕ್ರಕ್ಕೆ ಬಹುಮಟ್ಟಿಗೆ ಅಡಗಿದರೆ, ಎರಡು ಬದಿಗಳ ಏರಿಳಿತದ ಅಂತರದಿಂದ ಮಾತ್ರ ತಿರುಚಿಕೊಳ್ಳುವ ಸ್ಟೆಬಿಲೈಸರ್ ಕಂಬಿಯ ಬುಷ್ಷಿನ ಮೇಲೋ, ಅದರ ಲಿಂಕ್ ರಾಡಿನ ಮೇಲೋ ಶಂಕೆ ನಿಲ್ಲುತ್ತದೆ. ಆಮೇಲೆ ಮೆಲ್ಲನೆ ಹಿಂದಕ್ಕೆ ಓಡಿಸಿ ಬ್ರೇಕು, ಮುಂದಕ್ಕೆ ಓಡಿಸಿ ಬ್ರೇಕು: ಪ್ರತಿಯೊಂದು ದಿಕ್ಕು ಬದಲಾವಣೆಗೂ ಒಂದೊಂದೇ ಧಡ್ ಎಂಬ ಪೆಟ್ಟು ಬಿದ್ದರೆ, ತೊಲೆಯೋ ತೋಳೋ ಹಿಂದೆಮುಂದೆ ಸರಿಯುತ್ತಿದೆಯೆಂದು ತಿಳಿಯತಕ್ಕದ್ದು. ಹ್ಯಾಂಡ್ ಬ್ರೇಕನ್ನು ತುಸುವೇ ಎಳೆದು ಅದೇ ಉಬ್ಬುತಗ್ಗಿನಲ್ಲಿ ನಿಧಾನವಾಗಿ ಹೋದಾಗ ಗಡಗಡ ಶಬ್ದ ನಿಂತರೆ, ಅಪರಾಧಿ ಬುಷ್ಷಲ್ಲ, ಬ್ರೇಕಿನ ಒಳಗಿನ ಸಡಿಲ ಭಾಗ. ರಸ್ತೆಯ ಏರಿಳಿತವನ್ನು ಲಕ್ಷಿಸದೆ ವೇಗದೊಡನೆಯೇ ಏರುವ ಗುಂಯ್ ಎಂಬ ನಾದ ಚಕ್ರದ ಬೇರಿಂಗಿನದೋ ಟಯರಿನದೋ ಆಗಿರುತ್ತದೆ.

ನಿಂತ ಗಾಡಿಯ ಪರೀಕ್ಷೆ ಇದಕ್ಕಿಂತ ಸೂಕ್ಷ್ಮ. ಒಬ್ಬನು ಡಿಕ್ಕಿಯ ಅಂಚನ್ನು ಒತ್ತಿ ಒತ್ತಿ ಬಿಡುತ್ತಿರುವಾಗ, ಪಿಟ್ಟಿನಲ್ಲಿ ನಿಂತ ಇನ್ನೊಬ್ಬನು ತೋಳಿನ ಕಣ್ಣು, ಶಕಲು, ಶಾಕ್ ಅಬ್ಸಾರ್ಬರಿನ ತುದಿ ಇವುಗಳ ಮೇಲೆ ಒಂದೊಂದಾಗಿ ಬೆರಳಿಡುತ್ತಾನೆ. ಸದ್ದು ಕಿವಿಗೆ ಎಲ್ಲೆಲ್ಲಿಯೋ ಕೇಳಿಸಿದರೂ ಅದರ ಅದುರು ಬೆರಳಿಗೆ ಹುಟ್ಟಿದಲ್ಲಿಯೇ ತೀವ್ರವಾಗಿ ತಿಳಿಯುತ್ತದೆ. ಕೈ ಹೋಗದ ಎಡೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಊರಿ, ಹಿಡಿಗೆ ಕಿವಿಗೊಡುವವರೂ ಉಂಟು. ಕಿರ್ರೆನ್ನುವ ಬುಷ್ಷನ್ನು ಹಿಡಿಯಲು ಸಾಬೂನಿನ ನೀರಿಗಿಂತ ಉತ್ತಮವಾದ ಸಾಧನವಿಲ್ಲ. ಒಂದು ಬುಷ್ಷಿಗೆ ಮಾತ್ರ ಅದನ್ನು ಚಿಮುಕಿಸಿ ಗಾಡಿಯನ್ನು ಅಲುಗಿಸಬೇಕು. ಸದ್ದು ಹಾಗೆಯೇ ಇದ್ದರೆ ಮುಂದಿನದಕ್ಕೆ ಹೋಗಬೇಕು. ನಿಂತರೆ, ಒಣಗಿದ ಮೇಲೆ ಮತ್ತೆ ಬರುವುದೇ ಎಂದು ಕಾದು ನೋಡಬೇಕು. ಎಲ್ಲಕ್ಕೂ ಒಟ್ಟಿಗೆ ಎಣ್ಣೆ ಸುರಿದು ಸದ್ದನ್ನು ನಿಲ್ಲಿಸಿದವನು ರಬ್ಬರನ್ನು ಕೆಡಿಸಿದುದಲ್ಲದೆ ಸಾಕ್ಷಿಯನ್ನೂ ಅಳಿಸಿದಂತಾಯಿತು.

ಧಡ್ಡೆನ್ನುವ ಬುಷ್ಷಿಗೆ ಬೇಕಾದುದು ಟಾಮಿ ಎಂಬ ಮೀಟುಗೋಲು. ಅದನ್ನು ತೋಳಿಗೂ ಒಡಲಿಗೂ ನಡುವೆ ತೂರಿಸಿ ಮೀಟಿದಾಗ, ಒಳ್ಳೆಯ ರಬ್ಬರು ತುಸು ಬಾಗಿ ಎದುರೊತ್ತುತ್ತದೆ. ಹರಿದುದು ಕಟ್ಟೆಂದು ಸರಿದು ಅಲ್ಲಿಯೇ ನಿಲ್ಲುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ‘ಪ್ಲೇ ಬಂದಿದೆ’ ಎನ್ನುವುದು ಇದಕ್ಕೇ. ಈ ಮೀಟುವಿಕೆಯನ್ನು ಚಕ್ರಗಳು ನೆಲಬಿಟ್ಟು ತೂಗುತ್ತಿರುವ ಸ್ಥಿತಿಯಲ್ಲಷ್ಟೇ ಮಾಡುವವರು ಮೋಸಹೋಗಬಹುದು; ತೂಗುವ ತೋಳು ಬುಷ್ಷನ್ನು ತಿರುಚಿ ಒಂದು ಪಕ್ಕಕ್ಕೆ ಎಳೆದಿರುವುದರಿಂದ, ಓಡುವಾಗ ಇರುವ ಪ್ಲೇ ಆಗ ಮರೆಯಾಗಿರುತ್ತದೆ. ಚಕ್ರದ ಮೇಲೆಯೇ ಗಾಡಿ ನಿಲ್ಲುವ ಪಿಟ್ಟಿನ ಮಹತ್ವ ಇಲ್ಲಿ ಅರಿವಾಗುತ್ತದೆ. ರಬ್ಬರಿನ ಮೇಲಣ ಬಿರುಕುಗಳೆಲ್ಲ ರೋಗಲಕ್ಷಣಗಳಲ್ಲ. ಕೆಲವು ಬುಷ್ಷುಗಳಲ್ಲಿ, ಒಂದು ದಿಕ್ಕಿಗೆ ಮೃದುವಾಗಿರಲೆಂದು, ತಯಾರಿಸುವಾಗಲೇ ಕಂಡಿಗಳನ್ನು ಬಿಟ್ಟಿರುತ್ತಾರೆ. ಅದನ್ನರಿಯದೆ ಹೊಸದಾದ ಬುಷ್ಷನ್ನೇ ಹರಿದುದೆಂದು ಎಸೆಯುವುದೂ, ಹೊಸದನ್ನು ಕಂಡಿಯ ದಿಕ್ಕು ತಪ್ಪಿಸಿ ಕೂರಿಸುವುದೂ ಒಂದೇ ಬಗೆಯ ಅಜ್ಞಾನ.

ಮೂಲ ಸಿಕ್ಕಿದ ಬಳಿಕದ ಕೆಲಸ ಪ್ರೆಸ್ಸಿನದು, ಎಂದರೆ ಕೈಬಲದ್ದು. ಆದರೂ ಅಲ್ಲೊಂದು ಸೂಕ್ಷ್ಮವಿದೆ. ಹೊಸ ಬುಷ್ಷಿನ ಬೋಲ್ಟನ್ನು ಚಕ್ರ ತೂಗುತ್ತಿರುವಾಗಲೇ ಪೂರ್ತಿ ಬಿಗಿದುಬಿಟ್ಟರೆ, ಗಾಡಿ ನೆಲಕ್ಕಿಳಿದೊಡನೆ ರಬ್ಬರು ಶಾಶ್ವತವಾಗಿ ತಿರುಚಿಕೊಂಡೇ ಉಳಿದು, ಪೂರ್ಣಾಯುಷ್ಯವನ್ನು ಕಾಣದೆ ಹರಿಯುತ್ತದೆ. ಭಾರವೆಲ್ಲ ಚಕ್ರದ ಮೇಲೆ ಬಂದು, ಗಾಡಿ ತನ್ನ ಸಹಜವಾದ ಎತ್ತರದಲ್ಲಿ ನಿಂತ ಮೇಲೆಯೇ ಕಡೆಯ ಬಿಗಿತವನ್ನು ಕೊಡತಕ್ಕದ್ದು. ಒಂದು ಬದಿಯದು ಸವೆದಿದ್ದರೆ ಇನ್ನೊಂದು ಬದಿಯದನ್ನೂ ಜೊತೆಯಲ್ಲಿಯೇ ಬದಲಿಸುವುದು ವಿಹಿತ. ಇದು ಬರಿಯ ಕರ್ಣಸುಖದ ಪ್ರಶ್ನೆಯಲ್ಲ. ಪ್ಲೇ ಬಂದ ಹಿಂಬದಿ ತಿರುವಿನಲ್ಲಿ ತಾನೂ ಒಂದಿಷ್ಟು ತಿರುಗಿ, ಚಾರ್ಮಾಡಿಯಂತಹ ಘಟ್ಟದ ರಸ್ತೆಯಲ್ಲಿ ಚಾಲಕನ ಹಿಡಿತವನ್ನು ಸಂದೇಹಕ್ಕೆ ಗುರಿಮಾಡುತ್ತದೆ, ಟಯರುಗಳನ್ನು ಓರೆಯಾಗಿ ತಿನ್ನುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಬುಷ್ಷುಗಳಿಗೆ ಬರವಿಲ್ಲ. ಕೆಲವು ಗಾಡಿಗಳಿಗೆ ಬುಷ್ಷು ಬಿಡಿಯಾಗಿ ಸಿಗದೆ ಇಡೀ ತೋಳನ್ನೇ ಕೊಳ್ಳಬೇಕಾಗುವುದೂ ಉಂಟು. ಶಂಕೆ ಬಂದುದನ್ನೆಲ್ಲ ಬದಲಿಸಿಬಿಡುವುದು, ಹುಡುಕುವುದಕ್ಕೆ ಹಿಡಿಯುವ ವೇಳೆಗೆ ಯಾರೂ ಹಣ ಕೊಡದ ವ್ಯವಸ್ಥೆಯಲ್ಲಿ, ಗ್ಯಾರೇಜಿಗೆ ಲಾಭಕರವಾಗಿ ಕಂಡರೆ ತಪ್ಪನ್ನು ಅದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಕಾರಿನ ಯಜಮಾನರೂ ಈ ವಿದ್ಯೆಗೆ ತಮ್ಮ ಪಾಲನ್ನು ಸಲ್ಲಿಸಬಹುದು. ‘ಹಿಂದಿನ ಬುಷ್ಷು ಹಾಕಿ’ ಎಂಬ ಆಜ್ಞೆಗೆ ಬದಲಾಗಿ, ಸದ್ದು ಯಾವ ವೇಗದಲ್ಲಿ, ಎಂತಹ ರಸ್ತೆಯಲ್ಲಿ, ತುಂಬಿದ ಗಾಡಿಯಲ್ಲೋ ಬರಿದಾದುದರಲ್ಲೋ, ಬ್ರೇಕಿಗೋ ತಿರುವಿಗೋ ಬರುತ್ತದೆ, ಯಾವಾಗ ಬರುವುದಿಲ್ಲ ಎಂಬಿಷ್ಟನ್ನು ಗಮನಿಸಿ ಹೇಳಿ, ಮೆಕ್ಯಾನಿಕ್ಕಿನೊಡನೆ ಒಂದು ಸುತ್ತು ಹೋಗಿ ಬಂದು, ಆ ಸುತ್ತಿನ ಕೂಲಿಯನ್ನು ಕೇಳದೆಯೇ ಕೊಟ್ಟರೆ, ಬಿಲ್ಲಿನ ಮೂರನೆಯ ಅಂಕಣವನ್ನು ತಾವೇ ತೆರೆದಂತಾಗುವುದು. ಮೊದಲೆರಡು ಅಂಕಣಗಳ ಮೊತ್ತ ಅದರಿಂದ ಇಳಿಯುವುದೇ ಹೆಚ್ಚು ಸಂಭವ.