ವಾಲ್ವ್ ಬದಲಿಸಿದರೆ ಗಿಟಾರ್ ನಾದ ಬದಲಾದೀತೇ?

ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೊ, ದೂರದರ್ಶನ, ಮೈಕ್ ಸೆಟ್ಟುಗಳಿಂದ ವಾಲ್ವ್ ಮರೆಯಾಯಿತು. ಆದರೆ ವಿದ್ಯುತ್ ಗಿಟಾರ್ ನುಡಿಸುವವರ ನಡುವೆ ಅದರ ಬೇಡಿಕೆ ಕುಂದಿಲ್ಲ. ಗಾಜಿನ ಈ ನಿರ್ವಾತ ನಳಿಕೆಗಳಿಂದ ಹೊಮ್ಮುವ ನಾದಕ್ಕೆ ಸಾಟಿಯಿಲ್ಲ ಎಂದು ನಂಬುವವರು ಇಂದಿಗೂ ಬಹಳ ಮಂದಿ. ಒಂದೇ ಜಾತಿಯ ವಾಲ್ವ್ ಎರಡು ಕಂಪನಿಗಳ ಹೆಸರಿನಲ್ಲಿ ಎರಡು ಬೆಲೆಗೆ ಮಾರಾಟವಾಗುತ್ತದೆ. ಒಂದರದು ಬೆಚ್ಚನೆಯ ನಾದ, ಇನ್ನೊಂದರದು ಒರಟು ನಾದ ಎಂಬ ಮಾತೂ ಜೊತೆಗೆ ಬರುತ್ತದೆ.

ವಿಜಯಪುರ ನಗರದ ವಾದ್ಯಗೋಷ್ಠಿಗಳ ಕಲಾವಿದರಾಗಲಿ, ತಿಕೋಟಾ ಅಥವಾ ಬಬಲೇಶ್ವರದಲ್ಲಿ ಮನೆಯಲ್ಲೇ ಗಿಟಾರ್ ಕಲಿಯುತ್ತಿರುವ ಯುವಕರಾಗಲಿ, ಈ ಮಾತನ್ನು ನಂಬಿ ಹಣ ತೆರುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ವಾಲ್ವ್‌ನಿಂದ ವಾಲ್ವ್‌ಗೆ ನಾದ ನಿಜಕ್ಕೂ ಎಷ್ಟು ಬದಲಾಗುತ್ತದೆ? ಆ ವ್ಯತ್ಯಾಸವನ್ನು ಪರೀಕ್ಷಿಸುವ ಸರಿಯಾದ ಕ್ರಮ ಯಾವುದು? ಇದರ ಜೊತೆಗೆ ಅಟ್ಟದ ಮೇಲಿರುವ ಅಜ್ಜನ ಕಾಲದ ರೇಡಿಯೊದ ವಾಲ್ವ್‌ಗಳು ಗಿಟಾರಿಗೆ ಉಪಯೋಗಕ್ಕೆ ಬಂದಾವೇ ಎಂಬ ಪ್ರಶ್ನೆಯೂ ಇದೆ. ಇದು ಜೀವಕ್ಕೆ ಸಂಬಂಧಿಸಿದ ಪ್ರಶ್ನೆಯೂ ಹೌದು.

ನಳಿಕೆಯೊಳಗೆ ನಡೆಯುವುದೇನು?

1904ರಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ವಿದ್ಯುದ್ವಾರಗಳ ವಾಲ್ವ್ ರೂಪಿಸಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ವಿದ್ಯುದ್ವಾರವನ್ನು ಸೇರಿಸಿದರು. ಒಳಗಿನ ಕ್ಯಾಥೋಡ್ ಕಾದು ಕೆಂಪಾದಾಗ ಅದರಿಂದ ಇಲೆಕ್ಟ್ರಾನ್‌ಗಳು ಹೊರಬಂದು ಪ್ಲೇಟ್ ಕಡೆಗೆ ಧಾವಿಸುತ್ತವೆ. ನಡುವಿರುವ ಗ್ರಿಡ್ ಎಂಬ ತಂತಿಯ ಜಾಲರಿ ಕಾಲುವೆಯ ತೂಬಿನಂತೆ ಆ ಹರಿವನ್ನು ನಿಯಂತ್ರಿಸುತ್ತದೆ. ಗಿಟಾರಿನಿಂದ ಬರುವ ಕ್ಷೀಣ ಸಂಕೇತವು ಗ್ರಿಡ್ಡಿಗೆ ತಲುಪಿದಾಗ ಪ್ಲೇಟಿನಲ್ಲಿ ಅದರ ಹಿಗ್ಗಿದ ರೂಪ ದೊರೆಯುತ್ತದೆ.

ಈ ಹಿಗ್ಗುವಿಕೆಗೆ ಮಿತಿಯಿದೆ. ಸಂಕೇತ ಆ ಮಿತಿಯನ್ನು ಮೀರಿದಾಗ ಅಲೆಯ ತಲೆ ಕತ್ತರಿಸಲ್ಪಟ್ಟು ಮೂಲದಲ್ಲಿಲ್ಲದ ಸ್ವರಗಳು ಹುಟ್ಟುತ್ತವೆ. ರೇಡಿಯೊ ಕೇಳುವವನಿಗೆ ಇದು ದೋಷ. ರಾಕ್ ಅಥವಾ ಬ್ಲೂಸ್ ಗಿಟಾರ್ ನುಡಿಸುವವನಿಗೆ ಇದೇ ಬೇಕಾದ ನಾದ.

ಹೊಸದಾಗಿ ಹುಟ್ಟುವ ಉಪಸ್ವರಗಳನ್ನು ನಮ್ಮ ಸಂಗೀತದ ಪರಿಭಾಷೆಯಲ್ಲಿ ಅರ್ಥಮಾಡಿಕೊಳ್ಳುವುದು ಸುಲಭ. ಮೂಲ ಸ್ವರ ಷಡ್ಜವಾಗಿದ್ದರೆ ಅದರ ಕಂಪನಸಂಖ್ಯೆಯ ಎರಡು ಪಟ್ಟು ತಾರ ಷಡ್ಜ, ಮೂರು ಪಟ್ಟು ತಾರ ಸಪ್ತಕದ ಪಂಚಮ. ನಾಲ್ಕನೆಯದು ಮತ್ತೆ ಷಡ್ಜ. ಐದನೆಯದು ತಂಬೂರಿಯಲ್ಲಿ ತಾನಾಗಿ ಕೇಳಿಸುವ ಗಾಂಧಾರ. ಏಳನೆಯದರಿಂದಾಚೆಗೆ ಸ್ವರಸ್ಥಾನಕ್ಕೆ ಹೊಂದದ ಉಪಸ್ವರಗಳು ಬರತೊಡಗುತ್ತವೆ. ಅಲೆಯ ತಲೆ ಮೃದುವಾಗಿ ಬಾಗಿದರೆ ಕೆಳಗಿನ ಉಪಸ್ವರಗಳು ಪ್ರಧಾನವಾಗಿರುತ್ತವೆ. ಥಟ್ಟನೆ ಕತ್ತರಿಸಿದರೆ ಮೇಲಿನವು ಹೆಚ್ಚಿ ನಾದ ಕರ್ಕಶವಾಗುತ್ತದೆ. ವಾಲ್ವ್ ಮತ್ತು ಟ್ರಾನ್ಸಿಸ್ಟರ್‌ಗಳ ನಡುವಿನ ವ್ಯತ್ಯಾಸವು ಹೀಗೆ ಮಿತಿ ಮೀರಿದಾಗಲೇ ಗೋಚರಿಸುತ್ತದೆ ಎಂದು ರಸೆಲ್ ಹ್ಯಾಮ್ 1973ರಲ್ಲಿ ಪ್ರಕಟವಾದ ಪ್ರಸಿದ್ಧ ಲೇಖನದಲ್ಲಿ ವಾದಿಸಿದ್ದರು.

ವಾಲ್ವ್ ಎಂದರೆ ಸಮಸಂಖ್ಯೆಯ ಉಪಸ್ವರ ಮಾತ್ರ ಎಂಬ ಜನಪ್ರಿಯ ಹೇಳಿಕೆ ಅರ್ಧಸತ್ಯ. ಆರಂಭದ ಹಂತದ ಒಂಟಿ ವಾಲ್ವ್‌ಗೆ ಅದು ಬಹುಮಟ್ಟಿಗೆ ಒಪ್ಪುತ್ತದೆ. ಆದರೆ ದೊಡ್ಡ ಆಂಪ್ಲಿಫೈಯರ್‌ಗಳ ಕೊನೆಯ ಹಂತದಲ್ಲಿ ಎರಡು ವಾಲ್ವ್‌ಗಳು ಪುಶ್-ಪುಲ್ ಜೋಡಿಯಾಗಿ ಕೆಲಸ ಮಾಡುತ್ತವೆ. ಆ ಜೋಡಣೆಯಲ್ಲಿ ಸಮಸಂಖ್ಯೆಯ ಉಪಸ್ವರಗಳು ಪರಸ್ಪರ ರದ್ದಾಗಿ ಬೆಸಸಂಖ್ಯೆಯವೇ ಉಳಿಯುತ್ತವೆ. ಆದ್ದರಿಂದ ನಾದವನ್ನು ನಿರ್ಧರಿಸುವಲ್ಲಿ ವಾಲ್ವ್‌ನಷ್ಟೇ ಪಾತ್ರ ಸರ್ಕ್ಯೂಟಿನದೂ ಆಗಿದೆ.

ಜಾತಿ ಬದಲಾದರೆ ಕೇಳಿಸುತ್ತದೆ

ಗಿಟಾರ್ ಆಂಪ್ಲಿಫೈಯರ್‌ನಲ್ಲಿ ಎರಡು ಬಗೆಯ ವಾಲ್ವ್‌ಗಳಿರುತ್ತವೆ. ಮೊದಲ ಹಂತದಲ್ಲಿ ಸಾಮಾನ್ಯವಾಗಿ ಇರುವುದು 12ಎಎಕ್ಸ್7. ಯುರೋಪಿನವರು ಇದನ್ನೇ ಇಸಿಸಿ83 ಎನ್ನುತ್ತಾರೆ. ಇದರ ವರ್ಧನಾಂಕ 100. ಅದೇ ಸಾಕೆಟ್ಟಿನಲ್ಲಿ ಕೂರುವ 12ಎಟಿ7ರದು 60, 12ಎವೈ7ರದು 40ರ ಆಸುಪಾಸು, 12ಎಯು7ರದು 20ಕ್ಕೂ ಕಡಿಮೆ. ಒಂದರ ಬದಲು ಇನ್ನೊಂದನ್ನು ಹಾಕಿದರೆ ಆಂಪ್ಲಿಫೈಯರ್ ಎಷ್ಟು ಬೇಗ ಒಡೆದ ನಾದಕ್ಕೆ ತಿರುಗುತ್ತದೆ ಎಂಬುದು ಸ್ಪಷ್ಟವಾಗಿ ಬದಲಾಗುತ್ತದೆ.

ಇತಿಹಾಸದಲ್ಲೂ ಇದಕ್ಕೆ ನಿದರ್ಶನವಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಫೆಂಡರ್ ಕಂಪನಿ ತಯಾರಿಸಿದ ಬಾಸ್‌ಮನ್ ಆಂಪ್ಲಿಫೈಯರ್‌ನ ಮೊದಲ ಸಾಕೆಟ್ಟಿನಲ್ಲಿ 12ಎವೈ7 ಇತ್ತು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಅದೇ ಸರ್ಕ್ಯೂಟನ್ನು ಅನುಸರಿಸಿ ಜೆಟಿಎಂ45 ಸಿದ್ಧವಾದಾಗ ಅಲ್ಲಿ ಇಸಿಸಿ83 ಬಂತು. ಸ್ಪೀಕರ್, ಟ್ರಾನ್ಸ್‌ಫಾರ್ಮರ್‌ಗಳೂ ಬೇರೆಯಾಗಿದ್ದವು. ಮಾರ್ಷಲ್ ನಾದ ಫೆಂಡರ್ ನಾದಕ್ಕಿಂತ ಭಿನ್ನವಾಗಲು ಇವೆಲ್ಲವೂ ಸೇರಿ ಕಾರಣವಾದವು.

ಕೊನೆಯ ಹಂತದ ಶಕ್ತಿ ವಾಲ್ವ್‌ಗಳಲ್ಲಿ ಪ್ರಮುಖವಾದವು ಇಎಲ್84, ಇಎಲ್34, 6ವಿ6 ಮತ್ತು 6ಎಲ್6. ಇಎಲ್84ರ ಪ್ಲೇಟ್ ತಾಳಿಕೊಳ್ಳುವುದು 12 ವಾಟ್, ಇಎಲ್34ರದು 25, 6ಎಲ್6ಜಿಸಿಯದು 30. ನಾಲ್ಕು ಇಎಲ್84ಗಳಿರುವ ವಾಕ್ಸ್ ಎಸಿ30ರ ಮಿನುಗು, ಇಎಲ್34 ಜೋಡಿಯ ಮಾರ್ಷಲ್‌ಗಳ ಬಿರುಸು, 6ಎಲ್6 ಇರುವ ಫೆಂಡರ್‌ಗಳ ತಿಳಿಯಾದ ತುಂಬುದನಿ ಎಂದು ವಾದಕರು ಬಣ್ಣಿಸುವುದುಂಟು. ಇವುಗಳಲ್ಲಿ ಬೇರೆ ಬೇರೆ ಜಾತಿಯ ವಾಲ್ವ್‌ಗಳನ್ನು ಮನಬಂದಂತೆ ಅದಲುಬದಲು ಮಾಡಲಾಗದು. ಕಾಲುಗಳ ಜೋಡಣೆ, ಬಯಾಸ್, ಟ್ರಾನ್ಸ್‌ಫಾರ್ಮರ್ ಬೇರೆಯಾಗಿರಬಹುದು.

ಹೆಸರು ಬದಲಾದರೆ?

ಒಂದೇ ಜಾತಿಯ, ಬೇರೆ ಹೆಸರಿನ ಎರಡು ವಾಲ್ವ್‌ಗಳ ಹೋಲಿಕೆಯಲ್ಲಿ ಗೊಂದಲ ಹೆಚ್ಚು. ಮೊದಲನೆಯದಾಗಿ, ಹೆಸರು ಕಾರ್ಖಾನೆಯ ಗುರುತಲ್ಲ. ಮುಲ್ಲಾರ್ಡ್ ಹಿಂದೆ ಬ್ರಿಟನ್ನಿನ ಖ್ಯಾತ ಕಂಪನಿ. ಇಂದು ಅದೇ ಹೆಸರಿನಲ್ಲಿ ಹೊಸದಾಗಿ ಬರುವ ವಾಲ್ವ್‌ಗಳು ರಷ್ಯಾದ ಸರಾಟೊವ್ ನಗರದಲ್ಲಿ ತಯಾರಾಗುತ್ತವೆ. ಟುಂಗ್-ಸೋಲ್ ಎಂಬ ಹಳೆಯ ಅಮೆರಿಕನ್ ಹೆಸರಿನ ಕಥೆಯೂ ಅದೇ. ಗಿಟಾರ್ ವಾಲ್ವ್ ತಯಾರಿಸುವ ದೊಡ್ಡ ಕಾರ್ಖಾನೆಗಳು ಈಗ ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅವು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾಗಳಲ್ಲಿವೆ. 2022ರ ಮಾರ್ಚ್‌ನಲ್ಲಿ ರಷ್ಯಾ ರಫ್ತಿಗೆ ತಡೆಯೊಡ್ಡಿದಾಗ ಜಗತ್ತಿನಾದ್ಯಂತ ಗಿಟಾರ್ ವಾದಕರು ಆತಂಕಗೊಂಡದ್ದು ಇದೇ ಕಾರಣಕ್ಕೆ.

ಎರಡನೆಯದಾಗಿ, ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ವಾಲ್ವ್‌ಗಳೂ ಒಂದೇ ಸಮನಾಗಿರುವುದಿಲ್ಲ. ವರ್ಧನೆ, ಗುಂಯ್‌ಗುಡುವಿಕೆ, ತಟ್ಟಿದಾಗ ಝಣಗುಟ್ಟುವ ದೋಷ ಇವು ಬಿಡಿಯಿಂದ ಬಿಡಿಗೆ ಬದಲಾಗುತ್ತವೆ. ಹಾಗಾಗಿ ಆ ಕಂಪನಿಯ ಒಂದು, ಈ ಕಂಪನಿಯ ಒಂದು ವಾಲ್ವ್ ಇಟ್ಟು ತೀರ್ಪು ನೀಡಿದರೆ ಅದು ಆ ಎರಡು ಬಿಡಿಗಳ ತೀರ್ಪೇ ಹೊರತು ಕಂಪನಿಗಳದ್ದಲ್ಲ.

ಮೂರನೆಯದಾಗಿ, ತುಸು ಜೋರಾಗಿ ಕೇಳಿಸಿದ ನಾದವೇ ಉತ್ತಮವೆಂದು ಕಿವಿ ಭಾವಿಸುತ್ತದೆ. ಹೆಚ್ಚು ವರ್ಧನೆಯುಳ್ಳ ಬಿಡಿಯೊಂದು ಸಿಕ್ಕರೆ ಅದರ ಜೋರನ್ನೇ ಕೇಳುಗ ಜೀವಂತಿಕೆ ಎಂದು ಕರೆಯುತ್ತಾನೆ. ಬಳಸಿ ಸವೆದ ವಾಲ್ವ್ ತೆಗೆದು ಹೊಸದನ್ನು ಹಾಕಿದಾಗ ಆಗುವ ಸುಧಾರಣೆಗೂ ಹೊಸ ಕಂಪನಿಯ ಹೆಸರಿಗೂ ಸಂಬಂಧವಿರಬೇಕೆಂದಿಲ್ಲ.

ವೋಲ್ಟೇಜ್ ಮತ್ತು ಕೊಠಡಿ

ನಮ್ಮ ಭಾಗದಲ್ಲಿ ಮರೆಯಬಾರದ ಇನ್ನೊಂದು ಅಂಶ ವಿದ್ಯುತ್ತಿನದು. ಉದ್ದನೆಯ ಮಾರ್ಗದ ತುದಿಯಲ್ಲಿರುವ ಮನೆಗಳಲ್ಲಿ, ಪಂಪ್‌ಸೆಟ್ಟುಗಳ ಹೊರೆ ಬಿದ್ದ ವೇಳೆ, ವೋಲ್ಟೇಜ್ ಇಳಿಯುವುದು ತಿಕೋಟಾ, ಬಬಲೇಶ್ವರ ಸುತ್ತಿನ ದ್ರಾಕ್ಷಿ ಬೆಳೆಗಾರರಿಗೆ ಹೊಸತೇನಲ್ಲ. 230 ವೋಲ್ಟ್ 200ಕ್ಕೆ ಇಳಿದರೆ 6.3 ವೋಲ್ಟ್ ಬೇಕಾದ ವಾಲ್ವ್‌ನ ಹೀಟರ್‌ಗೆ ಸಿಗುವುದು ಸುಮಾರು 5.5 ಮಾತ್ರ. ಪ್ಲೇಟ್ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಶಕ್ತಿ ಕುಗ್ಗಿ ನಾದ ಬೇಗ ಒಡೆಯುತ್ತದೆ. ಬೆಳಿಗ್ಗೆ ಒಂದು ವಾಲ್ವ್, ಸಂಜೆ ಇನ್ನೊಂದು ವಾಲ್ವ್ ಕೇಳಿ ಹೋಲಿಸಿದರೆ ಆ ಹೋಲಿಕೆ ವಾಲ್ವ್‌ಗಳದ್ದೋ ವೋಲ್ಟೇಜಿನದ್ದೋ ಹೇಳುವುದು ಕಷ್ಟ.

ಕೊಠಡಿಯ ಪ್ರಭಾವವನ್ನು ವಿಜಯಪುರದವರಿಗೆ ವಿವರಿಸಿ ಹೇಳಬೇಕಾಗಿಲ್ಲ. 1656ರಲ್ಲಿ ಪೂರ್ಣಗೊಂಡ ಗೋಳಗುಮ್ಮಟದ ಪಿಸುಮಾತಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಮಾತು ಎದುರು ಬದಿಗೆ ಕೇಳಿಸುತ್ತದೆ. ಒಂದು ಚಪ್ಪಾಳೆ ಹಲವು ಸಲ ಮರುದನಿಸುತ್ತದೆ. ಧ್ವನಿಯ ಮೂಲ ಬದಲಾಗದೆಯೂ ಕೇಳುವ ನಾದ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗಾರೆ ನೆಲದ ಬರಿಯ ಕೋಣೆಯಲ್ಲಿ ಆಂಪ್ಲಿಫೈಯರನ್ನು ಮೂಲೆಗೆ ಸರಿಸಿದರೂ ಮಂದ್ರ ಸ್ವರಗಳು ಉಬ್ಬುತ್ತವೆ.

ಪರೀಕ್ಷಿಸುವ ಕ್ರಮ

ಹೋಲಿಕೆ ನ್ಯಾಯಯುತವಾಗಿರಬೇಕಾದರೆ ವಾಲ್ವ್ ಒಂದನ್ನುಳಿದು ಬೇರೇನೂ ಬದಲಾಗಬಾರದು. ಗಿಟಾರ್ ವಾದನವನ್ನು ಒಮ್ಮೆ ಮಾತ್ರ ನುಡಿಸಿ, ಆಂಪ್ಲಿಫೈಯರ್ ಇಲ್ಲದೆ ನೇರವಾಗಿ ಕಂಪ್ಯೂಟರಿನಲ್ಲಿ ದಾಖಲಿಸಿಕೊಳ್ಳಬೇಕು. ಅದೇ ದಾಖಲೆಯನ್ನು ಸೂಕ್ತ ಉಪಕರಣದ ಮೂಲಕ ಪ್ರತಿ ವಾಲ್ವ್‌ಗೂ ಕೊಡಬೇಕು. ಎರಡು ಸಲ ಕೈಯಿಂದ ನುಡಿಸಿದರೆ ಮೀಟಿನ ಬಲವೇ ಬದಲಾಗುತ್ತದೆ.

ಪ್ರತಿ ವಾಲ್ವ್‌ಗೂ ಕಾಯಲು 15ರಿಂದ 20 ನಿಮಿಷ ಬಿಡಬೇಕು. ವೋಲ್ಟೇಜನ್ನು ಮೀಟರಿನಲ್ಲಿ ನೋಡಿ ಬರೆದುಕೊಳ್ಳಬೇಕು. ಸಾಧ್ಯವಾದರೆ ಸ್ಟೆಬಿಲೈಸರ್ ಬಳಸಬೇಕು. ಸ್ಪೀಕರ್ ಮುಂದಿನ ಮೈಕನ್ನು ಒಂದು ಬೆರಳಷ್ಟೂ ಸರಿಸಬಾರದು. ಶಕ್ತಿ ವಾಲ್ವ್ ಬದಲಿಸಿದಾಗ, ಬಯಾಸ್ ಹೊಂದಿಸುವ ಬಗೆಯ ಆಂಪ್ಲಿಫೈಯರ್ ಆದರೆ, ತಿಳಿದವರಿಂದ ಮತ್ತೆ ಹೊಂದಿಸಬೇಕು. ದಾಖಲಾದ ಧ್ವನಿಗಳನ್ನು ಒಂದೇ ಜೋರಿಗೆ ತಂದ ನಂತರವೇ ಕೇಳಬೇಕು. ಪ್ರತಿ ಕಂಪನಿಯ ಕನಿಷ್ಠ ಎರಡು ಬಿಡಿಗಳನ್ನಾದರೂ ಪರೀಕ್ಷಿಸಬೇಕು.

ಕೊನೆಯದು ಕುರುಡು ಪರೀಕ್ಷೆ. ಯಾವ ವಾಲ್ವ್ ಎಂಬುದು ಕೇಳುಗನಿಗೆ ತಿಳಿಯದಂತೆ ಮತ್ತೊಬ್ಬರು ಎರಡು ದಾಖಲೆಗಳಲ್ಲಿ ಒಂದನ್ನು ನಾಣ್ಯ ಚಿಮ್ಮಿ ಆರಿಸಿ ಕೇಳಿಸಬೇಕು. ಹೀಗೆ 10 ಸಲ ಮಾಡಬೇಕು. ಬರಿಯ ಊಹೆಯಿಂದ 9 ಅಥವಾ 10 ಸಲ ಸರಿಯುತ್ತರ ನೀಡುವ ಸಂಭವ ನೂರಕ್ಕೆ ಸುಮಾರು 1. ಅಷ್ಟು ಸರಿಯಾದರೆ ವ್ಯತ್ಯಾಸ ನಿಜಕ್ಕೂ ಕೇಳಿಸುತ್ತಿದೆ ಎನ್ನಬಹುದು. 5 ಅಥವಾ 6 ಸರಿಯಾದರೆ ಹೆಚ್ಚಿನ ಬೆಲೆ ತೆರುವುದಕ್ಕೆ ಕಿವಿಯ ಆಧಾರವಿಲ್ಲ ಎಂದೇ ಅರ್ಥ.

ಅಟ್ಟದ ಮೇಲಿನ ರೇಡಿಯೊ

ಕರ್ನಾಟಕಕ್ಕೂ ವಾಲ್ವ್‌ಗೂ ನಿಕಟ ನಂಟಿದೆ. 1954ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಲಿಮಿಟೆಡ್ 1961ರಲ್ಲಿ ರೇಡಿಯೊ ವಾಲ್ವ್‌ಗಳ ತಯಾರಿಕೆ ಆರಂಭಿಸಿತು. ಇಎಲ್84 ಸಹ ಅಲ್ಲಿ ತಯಾರಾಗುತ್ತಿತ್ತು. ಆ ತಯಾರಿಕೆ ನಿಂತು ಬಹಳ ಕಾಲವಾಗಿದ್ದರೂ ಬಿಇಎಲ್ ಮುದ್ರೆಯ ಹಳೆಯ ವಾಲ್ವ್‌ಗಳಿಗೆ ವಿದೇಶದ ಸಂಗ್ರಾಹಕರಲ್ಲಿ ಇಂದಿಗೂ ಗಿರಾಕಿಗಳಿದ್ದಾರೆ. 1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾದ ನಂತರ ಉತ್ತರ ಕರ್ನಾಟಕದ ಮನೆಗಳಲ್ಲಿ ಕನ್ನಡ ಕಾರ್ಯಕ್ರಮಗಳನ್ನು ಕೇಳಿಸಿದ್ದು ಇಂಥ ವಾಲ್ವ್ ರೇಡಿಯೊಗಳೇ.

ಎಲ್ಲ ರೇಡಿಯೊಗಳೂ ಒಂದೇ ಬಗೆಯವಲ್ಲ. ಎಸಿ ವಿದ್ಯುತ್ತಿನಲ್ಲಿ, ಟ್ರಾನ್ಸ್‌ಫಾರ್ಮರ್ ಮೂಲಕ ನಡೆಯುವ ಸೆಟ್ಟುಗಳಲ್ಲಿ ಇಎಲ್84 ಸಿಗುವ ಸಾಧ್ಯತೆಯಿದೆ. ವಿದ್ಯುತ್ ಇಲ್ಲದ ಊರುಗಳಿಗೆಂದು ಬಂದ ಬ್ಯಾಟರಿ ಸೆಟ್ಟುಗಳಲ್ಲಿ ಇರುತ್ತಿದ್ದುದು ಡಿಎಲ್96ರಂಥ ಪುಟ್ಟ ವಾಲ್ವ್‌ಗಳು. ಅವುಗಳ ಶಕ್ತಿ ಒಂದು ವಾಟಿನ ಐದನೇ ಒಂದು ಭಾಗದಷ್ಟು. ಸಾಮಾನ್ಯ ಗಿಟಾರ್ ಆಂಪ್ಲಿಫೈಯರ್‌ಗೆ ಅವು ಹೊಂದುವುದಿಲ್ಲ.

ಮೂರನೆಯ ಬಗೆ ಅಪಾಯಕಾರಿ. ಎಸಿ, ಡಿಸಿ ಎರಡರಲ್ಲೂ ನಡೆಯುವ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಲೋಹದ ಚಾಸಿ ನೇರವಾಗಿ ವಿದ್ಯುತ್ ತಂತಿಗೆ ಸೇರಿರುತ್ತದೆ. ಅವುಗಳ ವಾಲ್ವ್‌ಗಳ ಹೆಸರು ಯು ಅಕ್ಷರದಿಂದ ಆರಂಭವಾಗುತ್ತದೆ. ಯುಎಲ್84 ನೋಡಲು ಇಎಲ್84ರಂತೆಯೇ ಇದ್ದರೂ ಅದರ ಹೀಟರ್ 45 ವೋಲ್ಟಿನದು. ಹಳೆಯ ರೇಡಿಯೊಗಳಲ್ಲಿರುವ ಗ್ರಾಮಫೋನ್ ಪಿಕ್‌ಅಪ್ ಸಾಕೆಟ್ಟಿಗೆ ಗಿಟಾರ್ ಜೋಡಿಸುವ ಯೋಚನೆ ಹಲವರಿಗೆ ಬರಬಹುದು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಚಾಸಿಗೆ ಸೇರುವುದರಿಂದ, ಇಂಥ ಸೆಟ್ಟಿಗೆ ಜೋಡಿಸಿದರೆ 230 ವೋಲ್ಟ್ ನುಡಿಸುವವನ ಬೆರಳಿಗೇ ಬರಬಹುದು. ಇದನ್ನು ಯಾವ ಕಾರಣಕ್ಕೂ ಮಾಡಕೂಡದು.

ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟುಗಳಲ್ಲೂ ಒಳಗೆ 250 ವೋಲ್ಟಿಗೂ ಮೀರಿದ ಡಿಸಿ ಇರುತ್ತದೆ. ದೊಡ್ಡ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ 400 ದಾಟುತ್ತದೆ. ಪ್ಲಗ್ ಕಿತ್ತ ನಂತರವೂ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಹಿಂಬದಿ ಬಿಚ್ಚುವ ಕೆಲಸವನ್ನು ಬಲ್ಲ ಮೆಕ್ಯಾನಿಕ್‌ಗೆ ಬಿಡುವುದೇ ಸರಿ. ಇನ್ನು, ಹಾಡುವ ಸ್ಥಿತಿಯಲ್ಲಿರುವ ಹಳೆಯ ರೇಡಿಯೊವನ್ನು ಒಂದು ಇಎಲ್84ಗಾಗಿ ಬಿಚ್ಚುವುದರಲ್ಲಿ ಲಾಭಕ್ಕಿಂತ ನಷ್ಟವೇ ಹೆಚ್ಚು. ಅದೇ ಜಾತಿಯ ವಾಲ್ವ್ ಇಂದಿಗೂ ಹೊಸದಾಗಿ ತಯಾರಾಗುತ್ತಿದೆ.

ಹಣ ಎಲ್ಲಿ ಹಾಕಬೇಕು?

ವಾಲ್ವ್‌ಗಳ ನಾದದಲ್ಲಿ ವ್ಯತ್ಯಾಸವಿಲ್ಲ ಎನ್ನುವುದು ತಪ್ಪು. ಪ್ರತಿ ಕಂಪನಿಗೂ ಒಂದೊಂದು ನಾದವಿದೆ ಎಂದು ಕುರುಡಾಗಿ ನಂಬುವುದೂ ತಪ್ಪು. ಜಾತಿ ಬದಲಾದರೆ ಕಿವಿಗೆ ತಿಳಿಯುತ್ತದೆ. ಹೆಸರು ಮಾತ್ರ ಬದಲಾದಾಗ ಕೇಳಿಸುವುದು ಹೆಚ್ಚಾಗಿ ವರ್ಧನೆ, ಸದ್ದು ಮತ್ತು ಸವೆತದ ವ್ಯತ್ಯಾಸ.

ವಾಲ್ವ್ ಆಂಪ್ಲಿಫೈಯರ್ ಇಟ್ಟುಕೊಂಡವರು ಮೊದಲು ಮನೆಯ ಅರ್ಥಿಂಗ್ ಸರಿಪಡಿಸಿಕೊಳ್ಳಬೇಕು. ನಂತರ ವೋಲ್ಟೇಜ್ ಸ್ಥಿರವಾಗಿರುವಂತೆ ನೋಡಿಕೊಳ್ಳಬೇಕು. ಆ ಮೇಲೆ ಸ್ಪೀಕರ್ ಕಡೆ ಗಮನ ಕೊಡಬೇಕು. ವಾಲ್ವ್ ಕಂಪನಿ ಬದಲಿಸುವುದಕ್ಕಿಂತ ಸ್ಪೀಕರ್ ಬದಲಿಸಿದಾಗ ನಾದದಲ್ಲಿ ಆಗುವ ಬದಲಾವಣೆ ಬಹಳ ದೊಡ್ಡದು. ಸವೆದ ವಾಲ್ವ್‌ಗಳಿದ್ದರೆ ಸಾಧಾರಣ ಬೆಲೆಯ, ಪರೀಕ್ಷಿಸಿದ ಹೊಸ ವಾಲ್ವ್‌ಗಳು ಸಾಕು. ಇಷ್ಟಾದ ಮೇಲೂ ದುಬಾರಿ ಹೆಸರಿನ ಮೇಲೆ ಆಸೆ ಉಳಿದರೆ, ಕೊಳ್ಳುವ ಮುನ್ನ ಎರಡರ ಧ್ವನಿಮುದ್ರಿಕೆಗಳನ್ನು ಗೆಳೆಯರ ಕೈಯಲ್ಲಿ ಕೊಟ್ಟು, ಹೆಸರು ತಿಳಿಯದೆ 10 ಸಲ ಕೇಳಿ ನೋಡುವುದು ಒಳಿತು.