ಆನೆಕಾಲು ರೋಗ: ಗುಳಿಗೆಯೂ ದೇಹದ ಕಾವಲುಪಡೆಯೂ

ಕಾಲಿನ ಬಾವನ್ನು ಸೀರೆಯ ನೆರಿಗೆಯಲ್ಲಿಯೋ ಧೋತರದ ಅಂಚಿನಲ್ಲಿಯೋ ಮರೆಮಾಡಿಕೊಂಡು ಬಾಳುವವರು ನಮ್ಮ ಸಮಾಜದಲ್ಲಿ ಇಂದಿಗೂ ಇದ್ದಾರೆ. ಮನೆಗೆ ಬೀಗರು ಬಂದಾಗ ಅವರು ಒಳಕೋಣೆ ಸೇರುತ್ತಾರೆ. ಜಾತ್ರೆ, ಪುರಾಣ ಪ್ರವಚನಗಳಿಗೂ ಬರಲು ಸಂಕೋಚಪಡುತ್ತಾರೆ. ಇದನ್ನು ಪೂರ್ವಜನ್ಮದ ಪಾಪವೆಂದು ಆಡಿಕೊಳ್ಳುವವರೂ ಉಂಟು. ಆನೆಕಾಲು ರೋಗವು ಯಾವ ಪಾಪದ ಫಲವೂ ಅಲ್ಲ. ಸೊಳ್ಳೆಯ ಮೂಲಕ ದೇಹ ಸೇರುವ ಒಂದು ಹುಳುವಿನ ಕೃತ್ಯ. ಅದಕ್ಕೆ ಔಷಧಿಯಿದೆ. ಆ ಔಷಧಿ ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿಯದ ಕಾರಣ ಅನೇಕರು ಅದನ್ನು ನುಂಗಲು ಅಂಜುತ್ತಾರೆ. ಆ ಅಂಜಿಕೆಯನ್ನು ಕಳೆಯುವುದೇ ಈ ಲೇಖನದ ಉದ್ದೇಶ.

ಕರ್ನಾಟಕದಲ್ಲಿ ಈ ರೋಗ ನೆಲೆಸಿದ ಜಿಲ್ಲೆಗಳೆಂದು ಸರಕಾರ ಗುರುತಿಸಿದವು ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಹಾಗೂ ಕರಾವಳಿಯ ಮೂರು ಜಿಲ್ಲೆಗಳು. ಬೆಳಗಾವಿ ಆ ಪಟ್ಟಿಯಲ್ಲಿಲ್ಲ. ಆದರೂ ರಾಮದುರ್ಗ ತಾಲೂಕು ಬಾಗಲಕೋಟೆ ಜಿಲ್ಲೆಗೆ ಹೊಂದಿಕೊಂಡೇ ಇದೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಬರುವ ಭಕ್ತರು ನಾನಾ ಜಿಲ್ಲೆಯವರು. ಬೈಲಹೊಂಗಲ, ಕಿತ್ತೂರುಗಳ ಮನೆತನಗಳಿಗೆ ಆ ಜಿಲ್ಲೆಗಳೊಡನೆ ಬೀಗತನವಿದೆ, ವ್ಯಾಪಾರವಿದೆ. ಆದ್ದರಿಂದ ಈ ವಿಷಯವನ್ನು ನಾಲ್ಕೂ ತಾಲೂಕುಗಳ ಗೃಹಸ್ಥರು ತಿಳಿದಿರುವುದು ಒಳಿತು.

ಕೊಳಚೆ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಯು ಕಚ್ಚಿದಾಗ ಹುಳುವಿನ ಮರಿಗಳು ಚರ್ಮದೊಳಗೆ ಹೋಗುತ್ತವೆ. ಅಂಗಾಂಶಗಳಲ್ಲಿ ಮಿಕ್ಕ ದ್ರವವನ್ನು ಮರಳಿ ರಕ್ತಕ್ಕೆ ಸೇರಿಸುವ ಸೂಕ್ಷ್ಮ ಕಾಲುವೆಗಳಿಗೆ ದುಗ್ಧನಾಳಗಳೆಂದು ಹೆಸರು. ಹುಳುಗಳು ಅಲ್ಲಿ ಬಲಿತು, ಸುಮಾರು ಆರರಿಂದ ಎಂಟು ವರ್ಷ ಬದುಕುತ್ತವೆ. ಅವು ಹಡೆಯುವ ಲಕ್ಷಾಂತರ ಮರಿಗಳು ರಾತ್ರಿಯ ವೇಳೆ ರಕ್ತದಲ್ಲಿ ಸಂಚರಿಸುತ್ತವೆ. ನಾಳಗಳು ಕೆಟ್ಟಾಗ ದ್ರವ ಹಿಂದಿರುಗದೆ ಕಾಲಿನಲ್ಲಿ ನಿಲ್ಲುತ್ತದೆ. ಬಾವಿನ ಮೂಲ ಇದೇ.

ಈ ಹುಳುವಿಗೆ ಕೊಡುವ ಮುಖ್ಯ ಗುಳಿಗೆ ಡಿ.ಇ.ಸಿ., ಅಂದರೆ ಡೈಈಥೈಲ್‌ಕಾರ್ಬಮಜೀನ್. ಇದು ಬಳಕೆಗೆ ಬಂದದ್ದು 1947ರ ಸುಮಾರಿಗೆ. ವಿಜ್ಞಾನಿಗಳನ್ನು ಬೆರಗುಗೊಳಿಸಿದ ಸಂಗತಿಯೊಂದು ಇದರಲ್ಲಿದೆ. ರೋಗಿಯು ಗುಳಿಗೆ ನುಂಗಿದ ಸ್ವಲ್ಪ ಹೊತ್ತಿನಲ್ಲಿಯೇ ರಕ್ತದೊಳಗಿನ ಮರಿಹುಳುಗಳು ಬಹುಮಟ್ಟಿಗೆ ಕಾಣೆಯಾಗುತ್ತವೆ. ಅದೇ ಹುಳುಗಳನ್ನು ಗಾಜಿನ ನಳಿಕೆಯಲ್ಲಿಟ್ಟು, ರಕ್ತದಲ್ಲಿರುವಷ್ಟೇ ಪ್ರಮಾಣದ ಔಷಧಿ ಬೆರೆಸಿದರೆ ಅವು ಸಾಯದೆ ಹರಿದಾಡುತ್ತಲೇ ಇರುತ್ತವೆ! ಬ್ರಿಟನ್ನಿನ ಫ್ರಾಂಕ್ ಹಾಕಿಂಗ್ ಮತ್ತು ಸಂಗಡಿಗರು 1950ರ ಹೊತ್ತಿಗೆ ಇಲಿಗಳ ಮೇಲೆ ಪ್ರಯೋಗ ನಡೆಸಿ ಈ ಒಗಟನ್ನು ಬಿಡಿಸಲು ಯತ್ನಿಸಿದರು. ಈ ಹಾಕಿಂಗ್ ಅವರು ಪ್ರಸಿದ್ಧ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ತಂದೆ. ಔಷಧಿ ಸೇರಿದೊಡನೆ ಮರಿಹುಳುಗಳು ಯಕೃತ್ತಿನಲ್ಲಿ ಸಿಕ್ಕಿಬೀಳುತ್ತವೆ, ಅಲ್ಲಿ ದೇಹದ ರಕ್ಷಕಕಣಗಳು ಅವನ್ನು ಸುತ್ತುವರಿದು ನಾಶಮಾಡುತ್ತವೆ ಎಂದು ಅವರು ಕಂಡರು. ಔಷಧಿಯು ಕಳ್ಳನನ್ನು ಹಿಡಿದುಕೊಡುತ್ತದೆ. ಶಿಕ್ಷಿಸುವುದು ನಮ್ಮ ಬಿಳಿ ರಕ್ತಕಣಗಳ ಕೆಲಸ.

ಗುಳಿಗೆ ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು, ಮೈಕೈ ನೋವು ಕಾಣುವುದು ಇದರಿಂದಲೇ. ಹುಳು ಸತ್ತಾಗ ಅದರೊಳಗಿನ ಪದಾರ್ಥಗಳೂ, ಅದರಲ್ಲಿ ವಾಸಿಸುವ ವೊಲ್ಬಾಕಿಯಾ ಎಂಬ ಸೂಕ್ಷ್ಮಾಣುಗಳೂ ಹೊರಬೀಳುತ್ತವೆ. ಕಾವಲುಪಡೆ ಅವುಗಳ ಮೇಲೆರಗುತ್ತದೆ, ಮೈ ಬಿಸಿಯಾಗುತ್ತದೆ. ಸಾಮಾನ್ಯವಾಗಿ ಇದು ಒಂದೆರಡು ದಿನಗಳಲ್ಲಿ ಇಳಿಯುತ್ತದೆ. ‘ಗುಳಿಗೆ ತಿಂದು ಜ್ವರ ಬಂತು, ಮತ್ತೆ ತಿನ್ನಬಾರದು’ ಎನ್ನುವವರು ಈ ಮರ್ಮವನ್ನು ತಿಳಿಯಬೇಕು. ಜ್ವರ ತೀವ್ರವಾದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕೇ ಹೊರತು ಔಷಧಿಯನ್ನೇ ಹಳಿಯಬಾರದು. ಡಿ.ಇ.ಸಿ., ಅಲ್ಬೆಂಡಜೋಲ್, ಐವರ್‌ಮೆಕ್ಟಿನ್ ಮೂರನ್ನೂ ಕೂಡಿಸಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಶಿಫಾರಸು ಮಾಡಿತು. ಭಾರತದಲ್ಲಿ ಇದರ ಸುರಕ್ಷತೆಯನ್ನು ಜನರ ನಡುವೆ ಪರೀಕ್ಷಿಸಿದ್ದು ನಮ್ಮ ಯಾದಗಿರಿ ಜಿಲ್ಲೆಯಲ್ಲಿಯೇ ಎಂಬುದು ಗಮನಾರ್ಹ.

ಆದರೆ ಇದೇ ಕಾವಲುಪಡೆಗೆ ಇನ್ನೊಂದು ಮುಖವೂ ಇದೆ. ದ್ರವ ನಿಂತ ಕಾಲಿನಲ್ಲಿ ಟಿ ಕಣಗಳೆಂಬ ರಕ್ಷಕಕಣಗಳು ಬೀಡುಬಿಟ್ಟು, ಉರಿಯೂತವನ್ನು ನಿರಂತರವಾಗಿ ಉಳಿಸುತ್ತವೆ. ಚರ್ಮ ದಪ್ಪವಾಗಿ ಗಟ್ಟಿಯಾಗುತ್ತದೆ. ನ್ಯೂಯಾರ್ಕಿನ ಸಂಶೋಧಕರು ಈ ಕಣಗಳನ್ನು ತಡೆಯುವ ಟ್ಯಾಕ್ರೊಲಿಮಸ್ ಮುಲಾಮನ್ನು ಇಲಿಗಳ ಬಾಲಕ್ಕೆ ಹಚ್ಚಿದಾಗ ಬಾವು ತಗ್ಗಿತೆಂದು 2017ರಲ್ಲಿ ವರದಿ ಮಾಡಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಹುಳುವಿನಿಂದಲ್ಲದೆ ಬೇರೆ ಕಾರಣಗಳಿಂದ ಬಾವು ಬಂದವರಿಗೆ ಕೀಟೊಪ್ರೊಫೆನ್ ಕೊಟ್ಟು ನೋಡಿದರು. ಚರ್ಮದ ದಪ್ಪ ತಗ್ಗಿತು, ಅಂಗದ ಗಾತ್ರ ಅಷ್ಟಾಗಿ ಇಳಿಯಲಿಲ್ಲ ಎಂಬುದು 2018ರಲ್ಲಿ ಪ್ರಕಟವಾದ ಫಲಿತಾಂಶ. ಇವು ಇನ್ನೂ ಸಂಶೋಧನೆಯ ಹಂತದ ಮಾತುಗಳು. ಅಂಗಡಿಯಿಂದ ತಂದು ತಾವೇ ಪ್ರಯೋಗಿಸತಕ್ಕವಲ್ಲ.

ಬಾವು ಏರಿದ ಕಾಲಿಗೆ ಇಂದು ಕೈಗೆಟುಕುವ ಉಪಾಯ ಬಹು ಸರಳವಾದುದು. ಬೆರಳಸಂದಿಯ ಬಿರುಕಿನಿಂದ ರೋಗಾಣುಗಳು ಒಳಹೊಕ್ಕಾಗಲೆಲ್ಲ ಕಾವಲುಪಡೆ ಕೆರಳಿ, ಚಳಿಜ್ವರದೊಡನೆ ಕಾಲು ಕೆಂಪಾಗಿ ಊದುತ್ತದೆ. ಪ್ರತಿ ಸಲವೂ ಬಾವು ಒಂದು ಮೆಟ್ಟಿಲು ಮೇಲೇರುತ್ತದೆ. ಆ ಬಾಗಿಲನ್ನು ಮುಚ್ಚಬೇಕು. ನಿತ್ಯವೂ ಸಾಬೂನು, ತಿಳಿನೀರುಗಳಿಂದ ಕಾಲು ತೊಳೆದು, ಬೆರಳಸಂದಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಮಲಗುವಾಗ, ಕುಳಿತಾಗ ಕಾಲನ್ನು ಎತ್ತರದಲ್ಲಿಡಬೇಕು, ಪಾದವನ್ನು ಮೇಲೆ ಕೆಳಗೆ ಆಡಿಸಬೇಕು, ಹೊಲಕ್ಕೂ ಪಾದರಕ್ಷೆಯಿಲ್ಲದೆ ಹೋಗಬಾರದು. ಮಾಲಿ, ಭಾರತ ಮೊದಲಾದ ದೇಶಗಳಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾಲಿನ ಆರೈಕೆಯೊಡನೆ ಡಾಕ್ಸಿಸೈಕ್ಲಿನ್ ಪಡೆದವರಿಗೂ, ಆರೈಕೆಯೊಡನೆ ಬರಿಯ ಹುಸಿಗುಳಿಗೆ ಪಡೆದವರಿಗೂ ಹೆಚ್ಚಿನ ಅಂತರ ಕಾಣಲಿಲ್ಲ. ಜ್ವರದ ಬಾಧೆ ಎಲ್ಲರಲ್ಲಿಯೂ ತಗ್ಗಿತು.

ಕನ್ನಡಿಗರ ನೆಲೆಯಾದ ಕಾಸರಗೋಡಿನಲ್ಲಿ ಡಾ. ಎಸ್. ಆರ್. ನರಹರಿಯವರು 1999ರಲ್ಲಿ ಸ್ಥಾಪಿಸಿದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯು ಕಾಲು ತೊಳೆಯುವುದು, ಆಯುರ್ವೇದದ ಅಭ್ಯಂಗ, ಯೋಗ, ಬಿಗಿಪಟ್ಟಿ ಇವೆಲ್ಲವನ್ನು ಆಧುನಿಕ ವೈದ್ಯದೊಡನೆ ಹೊಂದಿಸಿ ಚಿಕಿತ್ಸೆ ರೂಪಿಸಿತು. ಈ ಕ್ರಮವನ್ನು ಕಲಬುರಗಿ ಜಿಲ್ಲೆಯ ರೋಗಿಗಳಿಗೂ ಕಲಿಸಲಾಗಿತ್ತು.

ಆದ್ದರಿಂದ ನಾವು ಓದುಗ ಬಂಧುಗಳಲ್ಲಿ ವಿನಂತಿಸುವುದಿಷ್ಟು. ಸಾಮೂಹಿಕ ಔಷಧಿ ಸೇವನೆ ನಡೆಯುವ ಊರಿನಲ್ಲಿದ್ದರೆ, ಊಟವಾದ ಮೇಲೆ ಕಾರ್ಯಕರ್ತರ ಎದುರಿನಲ್ಲಿಯೇ ಗುಳಿಗೆ ನುಂಗಿರಿ. ಬಾವು ಇಲ್ಲದವರ ರಕ್ತದಲ್ಲಿಯೂ ಹುಳು ಇರಬಲ್ಲದು. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆಯವರು ಮಾತ್ರ ಸೇವಿಸಬಾರದು. ಐವರ್‌ಮೆಕ್ಟಿನ್ ಅನ್ನು ಐದು ವರ್ಷದೊಳಗಿನವರಿಗೆ ಕೊಡುವುದಿಲ್ಲ. ಕಾಲಿನ ಬಾವೆಲ್ಲ ಆನೆಕಾಲಲ್ಲ, ಹೃದಯ ಮತ್ತು ಮೂತ್ರಪಿಂಡಗಳ ದೋಷದಿಂದಲೂ ಬರಬಹುದು, ಪರೀಕ್ಷೆ ಅವಶ್ಯ. ಮನೆಯಲ್ಲಿ ಬಾವಿನ ಕಾಲಿನ ಹಿರಿಯರಿದ್ದರೆ ಅವರನ್ನು ಒಳಕೋಣೆಗೆ ಕಳಿಸಬೇಡಿರಿ. ಮುಟ್ಟಿದರೆ ಅಂಟುವ ರೋಗ ಇದಲ್ಲ. ಬಾಗಿ ತಮ್ಮ ಕಾಲು ತೊಳೆಯಲಾರದ ಅವರಿಗೆ, ಸಂಜೆಯ ಹೊತ್ತು ಒಂದು ತಂಬಿಗೆ ನೀರು ಹಿಡಿದು ಮಗನೋ ಸೊಸೆಯೋ ಕುಳಿತರೆ ಅರ್ಧ ಚಿಕಿತ್ಸೆ ಆದಂತೆಯೇ.