ಲೈಟ್ ಹೋದ್ರ ಎಷ್ಟ್ ತಾಸ ನಡೀತೈತಿ?

ಸೆಮಿಸ್ಟರ್ ರಜೆ ಹತ್ತಿರ ಬಂತೆಂದರೆ ನಮ್ಮ ಹಾಸ್ಟೆಲ್‌ನಲ್ಲಿ ಒಂದು ಪ್ರಶ್ನೆ ಖಾಯಂ: "ದೋಸ್ತ, ಅರವತ್ತು ಸಾವಿರದೊಳಗ ಯಾವ ಲ್ಯಾಪ್‌ಟಾಪ್ ಚಲೋ ಐತಿ?" ಇಂಟರ್ನ್‌ಶಿಪ್ ಆನ್‌ಲೈನ್, ಟೆಸ್ಟ್ ಆನ್‌ಲೈನ್, ಮನೆಯಲ್ಲಿ ಅಕ್ಕನದೋ ಅಣ್ಣನದೋ ವರ್ಕ್ ಫ್ರಮ್ ಹೋಮ್. ಎಲ್ಲರಿಗೂ ಒಂದೊಂದು ಸಲ ಹೇಳುವ ಬದಲು ಇಲ್ಲಿ ಬರೆದುಬಿಡುತ್ತಿದ್ದೇವೆ. ಇದನ್ನೆಲ್ಲ ನಾವು ತಪ್ಪು ಮಾಡಿಯೇ ಕಲಿತದ್ದು, ಅದನ್ನು ಮೊದಲೇ ಹೇಳಿಬಿಡುತ್ತೇವೆ.

ನಮ್ಮದು ನಿಪ್ಪಾಣಿ ತಾಲ್ಲೂಕಿನ ಬೇಡಕಿಹಾಳ. ಬೆಳಗಾವಿ ಜಿಲ್ಲೆಯ ತುದಿ, ಸ್ವಲ್ಪ ಮುಂದೆ ಹೋದರೆ ಮಹಾರಾಷ್ಟ್ರ. ಸುತ್ತಲೂ ಕಬ್ಬು. ನಮ್ಮ ಮನೆ ಊರೊಳಗಿಲ್ಲ, ತೋಟದಲ್ಲಿದೆ. ಅಕ್ಕನಿಗೆ ಪುಣೆಯ ಒಂದು ಕಂಪನಿಯಲ್ಲಿ ಮನೆಯಿಂದಲೇ ಮಾಡುವ ಕೆಲಸ ಸಿಕ್ಕಿತು, ಆದರೆ ಲ್ಯಾಪ್‌ಟಾಪ್ ನಾವೇ ತರಬೇಕು. ಅಪ್ಪ ಕಬ್ಬಿನ ಬಿಲ್ಲಿನಲ್ಲಿ ದುಡ್ಡು ಎತ್ತಿಟ್ಟರು. ಆರಿಸುವ ಕೆಲಸ ಮನೆಯ 'ಇಂಜಿನಿಯರ್' ಆದ ನಮಗೆ ಬಂತು. ನಾವು ಅಕ್ಕನ ಕೆಲಸ ಏನು ಅಂತ ಕೇಳಲೇ ಇಲ್ಲ. ರಜೆಯಲ್ಲಿ ನಮಗೂ ಗೇಮ್ ಆಡಲು ಬರುತ್ತದೆ ಅಂತ ಗ್ರಾಫಿಕ್ಸ್ ಕಾರ್ಡ್ ಇರುವ ಗೇಮಿಂಗ್ ಲ್ಯಾಪ್‌ಟಾಪ್ ಹಿಡಿದುಕೊಂಡೆವು. ಅಂಗಡಿಯಲ್ಲಿ ಅಪ್ಪ ಒಂದೇ ಪ್ರಶ್ನೆ ಕೇಳಿದ್ದು: "ಲೈಟ್ ಹೋದ್ರ ಎಷ್ಟ್ ತಾಸ ನಡೀತೈತಿ ಇದು?" ನಾವು ನಕ್ಕೆವು. "ಅಪ್ಪಾ, ಇದು ಟಾರ್ಚ್ ಅಲ್ಲ."

ಮಳೆಗಾಲ ಶುರುವಾಯಿತು. ಅಕ್ಕನ ಟ್ರೇನಿಂಗ್‌ನ ಎರಡನೇ ವಾರ, ಮಧ್ಯಾಹ್ನ ಕರೆಂಟ್ ಹೋಯಿತು. ವೈಫೈ ಅದೇ ಕ್ಷಣಕ್ಕೆ ಸತ್ತಿತು. ಲ್ಯಾಪ್‌ಟಾಪ್ ಒಂದು ತಾಸಿಗೆ ಆಫ್ ಆಯಿತು. ಅವತ್ತು ಸಂಜೆಯೇ ಅವಳು ತಾನು ಮಾಡಿದ ಕೆಲಸ ತೋರಿಸಬೇಕಿತ್ತು. "ಇನ್ನೊಂದು ಸಲ ಹೀಗಾದರೆ ಕಷ್ಟ" ಎಂದು ಮೇಲಿನವರು ಮೆಸೇಜ್ ಹಾಕಿದರು. ಅಕ್ಕ ನಮಗೆ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಹಾಗಾಗಿ ನಮ್ಮ ಸಲಹೆ ಇಷ್ಟೇ: ಊರಿನಿಂದ ಕೆಲಸ ಮಾಡಲು ಲ್ಯಾಪ್‌ಟಾಪ್ ಕೊಳ್ಳುವಾಗ ಮೊದಲು ಮನೆ ನೋಡಿ, ಸ್ಪೆಕ್ಸ್ ಆಮೇಲೆ.

ಕರೆಂಟ್. ನಮ್ಮ ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿ ಮನೆಗಳ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಮಾಡಿದ್ದಾರೆ. ಆದರೆ ಬಹಳಷ್ಟು ತೋಟದ ಮನೆಗಳು ಪಂಪ್‌ಸೆಟ್ ಲೈನ್‌ನಲ್ಲೇ ಇವೆ. ಅಲ್ಲಿ ಕರೆಂಟ್ ಪಾಳಿ ಪ್ರಕಾರ ಬರುತ್ತದೆ. ಆದ್ದರಿಂದ ಬ್ಯಾಟರಿಯ 'ವ್ಯಾಟ್ ಅವರ್' ಸಂಖ್ಯೆ ನೋಡಲೇಬೇಕು. ಎಂಎಎಚ್ ಮಾತ್ರ ಬರೆದಿದ್ದರೆ ಹೆದರಬೇಡಿ: ವೋಲ್ಟೇಜನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 11.4 ವೋಲ್ಟ್, 3700 ಎಂಎಎಚ್ ಅಂದರೆ ಸುಮಾರು 42 ವ್ಯಾಟ್ ಅವರ್. ವಿಡಿಯೋ ಕಾಲ್, ಬ್ರೌಸರ್ ಎಲ್ಲ ಸೇರಿ ಲ್ಯಾಪ್‌ಟಾಪ್ 14 ವ್ಯಾಟ್ ಎಳೆದರೆ 3 ತಾಸು. ಗೇಮಿಂಗ್ ಲ್ಯಾಪ್‌ಟಾಪ್ ಅದೇ ಕೆಲಸಕ್ಕೆ 40 ವ್ಯಾಟ್ ಎಳೆದರೆ ಒಂದೇ ತಾಸು. ನಮಗೆ ಆಗಿದ್ದು ಇದೇ. ಬ್ಯಾಟರಿಗೂ ವಯಸ್ಸಾಗುತ್ತದೆ. 300ರಿಂದ 500 ಸಲ ಪೂರ್ತಿ ಚಾರ್ಜ್ ಆಗಿ ಇಳಿಯುವಷ್ಟರಲ್ಲಿ ಸಾಮಾನ್ಯವಾಗಿ ಅದರ ಶಕ್ತಿ ಸುಮಾರು 80%ಗೆ ಬರುತ್ತದೆ. ಅದಕ್ಕೇ 50ಕ್ಕಿಂತ ಹೆಚ್ಚು ವ್ಯಾಟ್ ಅವರ್ ಇರುವುದನ್ನೇ ಹುಡುಕಿ. ಟೈಪ್ ಸಿ ಪೋರ್ಟ್‌ನಿಂದ ಚಾರ್ಜ್ ಆಗುವಂತಿದ್ದರೆ ಇನ್ನೂ ಚಲೋ, 65 ವ್ಯಾಟ್ ಕೊಡುವ ಪವರ್ ಬ್ಯಾಂಕ್‌ನಿಂದಲೂ ನಡೆಯುತ್ತದೆ.

ನೆಟ್. ಲ್ಯಾಪ್‌ಟಾಪ್ ಬದುಕಿದ್ದು ರೌಟರ್ ಸತ್ತರೆ ಏನು ಉಪಯೋಗ? ಮನೆಯ ರೌಟರ್‌ಗಳು ಹೆಚ್ಚಾಗಿ 12 ವೋಲ್ಟ್‌ನವು. ಅವಕ್ಕಂತಲೇ ಸಣ್ಣ ಯುಪಿಎಸ್ ಸಿಗುತ್ತದೆ. ಲ್ಯಾಪ್‌ಟಾಪ್ ಬಜೆಟ್‌ನಲ್ಲೇ ಅದಕ್ಕೂ ದುಡ್ಡು ಬದಿಗಿಡಿ. ಫೋನಿನ ಹಾಟ್‌ಸ್ಪಾಟ್ ನಂಬಿದ್ದರೆ ಒಂದು ಲೆಕ್ಕ ನೆನಪಿರಲಿ: ಒಂದು ತಾಸಿನ ವಿಡಿಯೋ ಕಾಲ್‌ಗೆ 1 ಜಿಬಿ ಹತ್ತಿರ ಹೋಗುತ್ತದೆ. ವಿಂಡೋಸ್‌ನಲ್ಲಿ ಆ ನೆಟ್‌ವರ್ಕನ್ನು 'ಮೀಟರ್ಡ್' ಅಂತ ಸೆಟ್ ಮಾಡಿ. ಇಲ್ಲದಿದ್ದರೆ ದಿನದ ಡೇಟಾ ಎಲ್ಲ ಅಪ್‌ಡೇಟೇ ತಿಂದುಹಾಕುತ್ತದೆ.

ಪ್ರೊಸೆಸರ್. ಹೆಸರಿನ ಕೊನೆಯ ಅಕ್ಷರ ಓದಿ. ಇಂಟೆಲ್ ಐ5 1335ಯು ಪ್ರೊಸೆಸರ್‌ನ ಬೇಸ್ ಪವರ್ 15 ವ್ಯಾಟ್, 13420ಎಚ್‌ನದು 45 ವ್ಯಾಟ್, 13450ಎಚ್‌ಎಕ್ಸ್‌ನದು 55 ವ್ಯಾಟ್. ಮೂರೂ 'ಐ5' ಅಂತಲೇ ಮಾರಾಟ ಆಗುತ್ತವೆ. ಎಎಂಡಿಯಲ್ಲಿ ಇನ್ನೊಂದು ಗಮ್ಮತ್ತು. ರೈಜನ್ 5 7520ಯು ಮತ್ತು 7530ಯು ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ, ಆದರೆ ಮೊದಲನೆಯದು 4 ಕೋರ್‌ನ ಝೆನ್ 2, ಎರಡನೆಯದು 6 ಕೋರ್‌ನ ಝೆನ್ 3. ಈ ಸರಣಿಯಲ್ಲಿ ಆರ್ಕಿಟೆಕ್ಚರ್ ಹೇಳುವುದು ಮೂರನೇ ಅಂಕಿ. ಅಂಗಡಿಯ ಬೋರ್ಡ್ ಮೇಲೆ 'ರೈಜನ್ 5' ಅಂತಷ್ಟೇ ಇದ್ದರೆ ಪೂರ್ತಿ ನಂಬರ್ ಕೇಳಿ. ಸಿವಿಲ್, ಮೆಕ್ಯಾನಿಕಲ್‌ನವರಿಗೆ ದೊಡ್ಡ ಥ್ರೀಡಿ ಮಾಡೆಲ್‌ಗೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಬಹುದು, ಅದು ಬೇರೆ ಮಾತು. ಕೋಡಿಂಗ್, ಎಕ್ಸೆಲ್, ಮೀಟಿಂಗ್ ಇಷ್ಟಕ್ಕೆ ಬೇಡವೇ ಬೇಡ.

ರಾಮ್, ಸ್ಟೋರೇಜ್, ಪರದೆ. ಈಗ 16 ಜಿಬಿ ರಾಮ್, 512 ಜಿಬಿ ಎಸ್‌ಎಸ್‌ಡಿ ಇದ್ದರೆ ನಾಲ್ಕು ವರ್ಷ ಚಿಂತೆ ಇಲ್ಲ. 8 ಜಿಬಿ ಮಾತ್ರ ಕೈಗೆಟಕುವುದಾದರೆ ಖಾಲಿ ಸ್ಲಾಟ್ ಇದೆಯಾ ಕೇಳಿ. ಬೋರ್ಡಿಗೇ ಬೆಸುಗೆ ಹಾಕಿದ ರಾಮ್ ಆಮೇಲೆ ಬದಲಾಗುವುದಿಲ್ಲ. ಪರದೆಯ ಬೆಳಕು 300 ನಿಟ್ಸ್ ಇದ್ದರೆ ಹಗಲು ಪಡಸಾಲೆಯಲ್ಲಿ ಕೂತು ಓದಲು ಆಗುತ್ತದೆ. 250 ಇದ್ದರೆ ಮಾತ್ರ ಮೂಲೆ ಹುಡುಕಬೇಕು.

ರಿಪೇರಿ. ನಮ್ಮೂರಿಗೆ ಬೆಳಗಾವಿಗಿಂತ ಕೊಲ್ಲಾಪುರ ಹತ್ತಿರ. ಎಲ್ಲಿ ಕೊಂಡರೂ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ. 'ಆನ್‌ಸೈಟ್ ವಾರಂಟಿ' ಅಂದರೆ ಮನೆಗೇ ಬರುತ್ತಾರೆ ಅಂತ ತಿಳಿಯುವ ಮೊದಲು ನಿಮ್ಮ ಪಿನ್‌ಕೋಡ್ ಆ ಪಟ್ಟಿಯಲ್ಲಿ ಇದೆಯಾ ಅಂತ ಕಂಪನಿಗೆ ಫೋನ್ ಮಾಡಿ ಕೇಳಿ.

ಸೆಕೆಂಡ್ ಹ್ಯಾಂಡ್. ಬಜೆಟ್ ಕಡಿಮೆ ಇದ್ದರೆ ಇದೂ ಒಳ್ಳೆಯ ದಾರಿಯೇ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಜನರೇಶನ್ ಅಥವಾ ಅದರ ನಂತರದ್ದು ಬೇಕು. ಕೊಳ್ಳುವ ಮೊದಲು ಅಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ, 'ಡಿಸೈನ್ ಕೆಪಾಸಿಟಿ' ಮತ್ತು 'ಫುಲ್ ಚಾರ್ಜ್ ಕೆಪಾಸಿಟಿ' ಹೋಲಿಸಿ. ಎರಡನೆಯದು ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ದುಡ್ಡನ್ನೂ ಬೆಲೆಗೆ ಸೇರಿಸಿಕೊಳ್ಳಿ.

ನಮ್ಮ ಮನೆಯ ಕತೆ ಮುಗಿಸಿಬಿಡುತ್ತೇವೆ. ಲ್ಯಾಪ್‌ಟಾಪ್ ವಾಪಸ್ ಕೊಡಲು ಆಗಲಿಲ್ಲ. ಅಪ್ಪ ಮುಂದಿನ ಬಿಲ್ಲಿನಲ್ಲಿ ಇನ್ವರ್ಟರ್ ಹಾಕಿಸಿದರು. 12 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿ ಅಂದರೆ 1800 ವ್ಯಾಟ್ ಅವರ್. ಅರ್ಧ ಬಳಸಿದರೂ ಅಕ್ಕನ ಡ್ಯೂಟಿ ದಾಟುತ್ತದೆ. ಕೆಲಸ ಉಳಿಯಿತು. ಆದರೆ ಸರಿಯಾದ ಲ್ಯಾಪ್‌ಟಾಪ್ ಮೊದಲೇ ತಂದಿದ್ದರೆ, ರೌಟರ್‌ನ ಸಣ್ಣ ಯುಪಿಎಸ್ ಒಂದು ಇದ್ದಿದ್ದರೆ, ಆ ದುಡ್ಡು ಗೊಬ್ಬರಕ್ಕೆ ಹೋಗುತ್ತಿತ್ತು.

ಮೊನ್ನೆ ಕಾಕಾನ ಮಗಳಿಗೆ ಲ್ಯಾಪ್‌ಟಾಪ್ ತರಲು ಕೊಲ್ಲಾಪುರಕ್ಕೆ ಹೋಗಿದ್ದೆವು, ಅಪ್ಪನೂ ಬಂದಿದ್ದರು. ಅಂಗಡಿಯವನು ಗ್ರಾಫಿಕ್ಸ್ ಬಗ್ಗೆ ಶುರು ಮಾಡಿದ. ಅಪ್ಪ ನಮ್ಮ ಮುಖ ನೋಡಿದರು, ಈ ಸಲ ಏನೂ ಕೇಳಲಿಲ್ಲ. ನಾವೇ ಡಬ್ಬಿ ತಿರುಗಿಸಿ ನೋಡಿದೆವು: 57 ವ್ಯಾಟ್ ಅವರ್. ಫೋನಿನಲ್ಲಿ 12ರಿಂದ ಭಾಗಿಸಿದೆವು.

"ನಾಲ್ಕೂ ಮುಕ್ಕಾಲ ತಾಸ, ಅಪ್ಪಾ."

"ಸಾಕು. ಅಷ್ಟ್ರಾಗ ಲೈಟ್ ಬರತೈತಿ."